ಕೆಂಪು ಹೋಗಿ ಹಸಿರು ಬಂದ ಸಂಜೆ

ಕ್ಯಾತ್ಸಂದ್ರದ ಹೆದ್ದಾರಿ ಪಕ್ಕ, ಒಂದು ಹೋಟೆಲಿನ ಮೇಲ್ಮಹಡಿಯಲ್ಲಿ ಕೋಮಲಾಳ ಆಫೀಸು. ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿ ಡೈರಿಗಳಲ್ಲಿ ಹಾಲು ಪರೀಕ್ಷಿಸುವ ಮಿಷನ್ನುಗಳಿಗೆ ಹಸಿರು ದೀಪವೋ ಕೆಂಪು ದೀಪವೋ ಎಂದು ಹೇಳುವ ಸಾಫ್ಟ್‌ವೇರ್ ನಡೆಯುತ್ತಿದ್ದುದು ಇಲ್ಲಿಂದಲೇ. ಗುಬ್ಬಿಗೊಂದು, ಕುಣಿಗಲ್‌ಗೊಂದು ಎಂದು ಅದರ ಪ್ರತಿಗಳು ಕಂಪ್ಯೂಟರಿನಲ್ಲಿ ಬೇರೆಬೇರೆ ‘ಕಂಟೇನರ್’ಗಳಾಗಿ ಓಡುತ್ತಿದ್ದವು. ಹಾಲು ಎಷ್ಟು ಗಟ್ಟಿಯಿರಬೇಕು ಎಂಬ ಮಿತಿಯನ್ನು ಪ್ರೋಗ್ರಾಮಿನೊಳಗೆ ಬರೆಯದೆ ಬೇರೆಯೇ ಒಂದು ಕಾನ್ಫಿಗ್ ಫೈಲಿನಲ್ಲಿ ಇಟ್ಟಿದ್ದರು. ಮಿತಿ ಬದಲಾದಾಗಲೆಲ್ಲ ಕೋಡು ಮುಟ್ಟುವ ಗೋಜು ಬೇಡವೆಂದು ಹಟ ಹಿಡಿದು ಹಾಗೆ ಮಾಡಿಸಿದವಳು ಕೋಮಲಾಳೇ.

ಬೇಸಿಗೆಯಲ್ಲಿ ಹಸಿಮೇವಿಲ್ಲದೆ ಹಾಲು ತೆಳುವಾಗುತ್ತದೆ. ಮಿತಿ ಸ್ವಲ್ಪ ಇಳಿಸಿ ಎಂದು ಹಾಲು ಒಕ್ಕೂಟದಿಂದ ಆದೇಶ ಬಂತು. ಅವಳು ಫೈಲಿನಲ್ಲಿ ಅಂಕಿ ಬದಲಾಯಿಸಿ, ಗುಬ್ಬಿ ಕಡೆಯ ತನ್ನ ತವರೂರಿನ ಡೈರಿಗೆ ಫೋನ್ ಮಾಡಿ ವಿಚಾರಿಸಿದಳು. ಅಲ್ಲಿ ಹೊಸ ಮಿತಿಯೇ ನಡೆಯುತ್ತಿತ್ತು. ಹಾಗಾದರೆ ಎಲ್ಲ ಕಡೆಯೂ ಆಗಿರುತ್ತದೆ ಎಂದುಕೊಂಡು ಮನೆಗೆ ಹೋದಳು.

ಮಾರನೆಯ ಬೆಳಿಗ್ಗೆ ಕುಣಿಗಲ್ ಕಡೆಯ ಕೊತ್ತಗೆರೆಯಿಂದ ಅತ್ತೆ ಹೊಂಬಾಳಮ್ಮನ ಫೋನು.

“ಏನವ್ವಾ, ನಿಮ್ ಮಿಷನ್ನು ನನ್ ಹಾಲಿಗೆ ಕೆಂಪು ತೋರಿಸ್ತು. ಡೈರಿ ಸೆಕ್ರೆಟರಿ ರಾಮಾಂಜಿನಯ್ಯ ಎಲ್ರೆದುರ್ಗೂ ಹಾಲ್ನ ವಾಪಸ್ ನನ್ ಕ್ಯಾನಿಗೇ ಸುರುದ. ‘ಹೊಂಬಾಳಕ್ಕ, ಹಸು ಕರೆದ್ಯೋ ಬೋರ್‌ವೆಲ್ ಕರೆದ್ಯೋ’ ಅಂದ. ಹಾಲಿಗೆ ಒಂದ್ ತೊಟ್ಟು ನೀರು ಹಾಕಿದೋಳಲ್ಲ ಕಣವ್ವ ನಾನು.”

ಆ ಊರಿನಲ್ಲಿ ಮಿಕ್ಕವರ ಹಸುಗಳಿಗೆ ಅಷ್ಟಿಷ್ಟು ಹಸಿಮೇವಿತ್ತು. ಅತ್ತೆಯ ಹಸುವಿಗೆ ಒಣ ರಾಗಿಹುಲ್ಲೇ ಗತಿ. ಹಳೆಯ ಮಿತಿಗೆ ತೆಳುವಾಗಿ, ಹೊಸ ಮಿತಿಗೆ ಸಾಕಾಗಿ, ಎರಡರ ನಡುವೆ ಸಿಕ್ಕಿಕೊಂಡದ್ದು ಅತ್ತೆಯೊಬ್ಬಳ ಹಾಲು.

ಆಫೀಸಿಗೆ ಓಡಿಬಂದವಳ ಕಂಪ್ಯೂಟರಿನತ್ತ ಜೊತೆಗಾರ ಫೈಜಲ್ ಬಗ್ಗಿ ನೋಡಿದ.

“ಕುಣಿಗಲ್ ಕಂಟೇನರ್ ರೀಸ್ಟಾರ್ಟ್ ಮಾಡಿದ್ರಾ ಮೇಡಂ?”

“ಫೈಲ್ ಬದಲಾಯ್ಸಿದ್ನಲ್ಲ.”

“ಅಷ್ಟು ಸಾಲಲ್ಲ. ಶುರುವಾಗುವಾಗ ಒಂದ್ಸಲ ಓದ್ಕೊಂಡಿದ್ದೇ ಅದಕ್ಕೆ ಕೊನೆವರೆಗೂ. ಗುಬ್ಬೀದು ನಿನ್ನೆ ತಾನಾಗೇ ಬಿದ್ದು ಎದ್ದಿತ್ತು, ಹೊಸದನ್ನ ಓದ್ಕೊಂತು. ಕುಣಿಗಲ್‌ದು ಹಳೇದನ್ನೇ ನಂಬ್ಕೊಂಡು ಓಡ್ತಾ ಇದೆ. ತವರಿಗೊಂದು ನ್ಯಾಯ, ಅತ್ತೆ ಮನೆಗೊಂದು ನ್ಯಾಯ ಮಾಡ್ಬಿಟ್ರಲ್ಲ!”

ಅವಳಿಗೆ ನಗು ಬರಲಿಲ್ಲ. ರೀಸ್ಟಾರ್ಟ್ ಮಾಡಿ, ಕುಣಿಗಲ್ ಕಡೆಗೂ ಹೊಸ ಮಿತಿ ಬಂದದ್ದನ್ನು ಖಾತ್ರಿ ಮಾಡಿಕೊಂಡು, ರಾಮಾಂಜಿನಯ್ಯನಿಗೆ ಫೋನ್ ಹಚ್ಚಿದಳು.

“ತಪ್ಪು ನಂದು ಸಾರ್, ಅತ್ತೇದಲ್ಲ. ಈಗ ಸರಿ ಮಾಡಿದೀನಿ. ಊರೋರಿಗೆಲ್ಲ ಹೇಳ್ಬಿಡಿ.”

“ಮಿಷನ್ ಹತ್ರ ಯಾರೂ ಬಂದಿಲ್ಲ, ಒಂದ್ ಸ್ಕ್ರೂ ಬಿಚ್ಚಿಲ್ಲ. ಅಲ್ಲೇ ಕೂತು ಸರಿ ಮಾಡ್ದೆ ಅಂತೀಯ?”

“ಹೂಂ. ಒಕ್ಕೂಟದ ಆರ್ಡರ್ ಇದೆ.”

“ಇರ್ಲಿ ಬುಡವ್ವ,” ಆತ ನಕ್ಕ. “ನಿಮ್ಮತ್ತೆ ಅಲ್ವಾ.”

ಸಂಜೆ ಹಾಲು ಹಾಕುವ ಹೊತ್ತು ಕಳೆಯುವವರೆಗೂ ಕೋಮಲಾ ಕುರ್ಚಿ ಬಿಟ್ಟು ಏಳಲಿಲ್ಲ. ಕೊನೆಗೆ ಅತ್ತೆಯ ಫೋನು ಬಂತು.

“ಹಸಿರು ಬಂತು.”

“ಸದ್ಯ! ಹಾಲು ಹಾಕುದ್ರಾ?”

“ಇಲ್ಲ. ವಾಪಸ್ ತಂದೆ.”

“ಯಾಕತ್ತೆ?”

“ಹಸಿರು ಬಂದೇಟ್ಗೆ ರಾಮಾಂಜಿನಯ್ಯ ‘ಬೆಳಿಗ್ಗೆ ಕೆಂಪು, ಸೊಸೆ ಫೋನ್ ಮಾಡುದ್ಲು, ಸಂಜೆ ಹಸಿರು’ ಅಂದ. ನನ್ ಹಿಂದೆ ನಿಂತಿದ್ದ ಹನುಮಮ್ಮ ನಕ್ಕುದ್ಲು.” ಹೊಂಬಾಳಮ್ಮನ ಹಿಂದೆ ಹಸು ಹುಲ್ಲಿಗಾಗಿ ಕೂಗುವುದು ಕೇಳಿಸಿತು. “ಬೆಳಿಗ್ಗೆ ಕೆಂಪು ಬಂದಾಗ ಅವ್ಳೇ ನನ್ ಪರವಾಗಿ ಜಗಳಕ್ಕೆ ನಿಂತಿದ್ಲು ಕಣವ್ವ. ‘ನಮ್ಮಕ್ಕ ಅಂಥೋಳಲ್ಲ, ಮಿಷನ್ನೇ ಸರಿಯಿಲ್ಲ’ ಅಂತ.”

“ಅತ್ತೆ, ನಾಳೆ ನಾನೇ ಬಂದು ಎಲ್ರಿಗೂ ಹೇಳ್ತೀನಿ.”

“ನೀನ್ ಹೇಳುದ್ರೆ ಯಾರ್ ನಂಬ್ತಾರೆ?” ದನಿ ಇಳಿಯಿತು. “ಆ ಮಿಷನ್ನ ಬೆಳಿಗ್ಗೆ ಇದ್ದಂಗೇ ಮಾಡಕ್ಕಾಯ್ತದಾ? ಕೆಂಪೇ ಬರ್ಲಿ.”

ಕೋಮಲಾಳ ಎದುರಿಗೇ ಆ ಫೈಲು ತೆರೆದಿತ್ತು. ಅಂಕಿಯೊಂದನ್ನು ಅಳಿಸಿ ಇನ್ನೊಂದನ್ನು ಬರೆದರೆ ಮುಗಿಯಿತು. ಅಷ್ಟು ಸುಲಭವಾಗಲಿ ಎಂದೇ ಅವಳು ಅದನ್ನು ಬೇರೆ ಇಟ್ಟಿದ್ದಳು. ಕೀಲಿಮಣೆಯ ಮೇಲಿದ್ದ ಕೈಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು.

“ಆಗಲ್ಲ ಅತ್ತೆ,” ಎಂದಳು.