ಯಾರೂ ಕೇಳದ ಸಪ್ಪಳ

ತಿಕೋಟೆಯ ಹೆಣ್ಣುಮಕ್ಕಳ ಶಾಲೆಗೆ ಕಲಿಸಲು ನೀಲಾಬಾಯಿ ಅಕ್ಕೋರು ಬಂದದ್ದು ಎರಡನೇ ಮಹಾಯುದ್ಧ ಮುಗಿದ ಮರುವರ್ಷ. ಮೂರನೇ ಇಯತ್ತೆಯ ಇಪ್ಪತ್ತೆರಡು ಹುಡುಗಿಯರ ಗದ್ದಲಕ್ಕೆ ಬೇಸತ್ತು, ಒಂದು ಶನಿವಾರ ಮುಂಜಾನೆ ಅವರೊಂದು ಆಟ ಹೂಡಿದರು.

"ಎಲ್ಲಾರೂ ಕಣ್ಣ ಮುಚ್ಚರಿ, ಬಾಯೀನೂ ಮುಚ್ಚರಿ. ಏನೇನ ಸಪ್ಪಳ ಕೇಳಸತೈತಿ, ಆಮ್ಯಾಲ ಹೇಳಬೇಕು."

ಕಣ್ಣು ತೆರೆದ ಮೇಲೆ ಒಬ್ಬಳು ಎತ್ತಿನ ಗೆಜ್ಜೆ ಎಂದಳು, ಇನ್ನೊಬ್ಬಳು ರೊಟ್ಟಿ ಬಡಿಯುವುದು ಎಂದಳು. ಆಮೇಲೆ ಗುರುಸಿದ್ದವ್ವನ ಸರದಿ. ಹಿಟ್ಟಿನ ಗಿರಣಿಯ ಶಂಕರೆಪ್ಪನ ಮಗಳು, ಒಂಬತ್ತು ವರ್ಷ. ಹಿಂದಿನ ಸಾಲಿನಲ್ಲಿ ಕೂತು, ಕೇಳಿದ್ದೊಂದಕ್ಕೆ ಇನ್ನೊಂದು ಉತ್ತರ ಕೊಟ್ಟು, ಲಕ್ಷ್ಯವಿಲ್ಲದ ಹುಡುಗಿ ಎಂದು ಹೆಸರು ಪಡೆದವಳು.

"ಎತ್ತಿಂದು, ಕಾಗೀದು, ಆಮ್ಯಾಲ ನನ್ನ ಕಿವೀದು ರೀ."

"ಕಿವೀದು ಅಂದ್ರ?"

"ಒಳಗ ಕುಂಯ್ ಅಂತಿರತೈತಲ್ರಿ, ಎಲ್ಲಾರ್ದೂ, ಅದು."

ಹುಡುಗಿಯರೆಲ್ಲ ಗೊಳ್ಳೆಂದು ನಕ್ಕರು. ಗುರುಸಿದ್ದವ್ವನಿಗೆ ಅಚ್ಚರಿ. ಪಕ್ಕದ ಪರಸವ್ವನ ಕಡೆ ತಿರುಗಿದಳು. "ಎಲ್ಲಾರೂ ಸುಮ್ಮನಾದಾಗ ನಿನಗೇನ ಕೇಳಸತೈತಿ?"

"ಏನೂ ಇಲ್ಲ."

"ಏನೂ ಇಲ್ಲಂದ್ರ ಹೆಂಗಿರತೈತಿ ಬೇ?"

ಪಾಪ, ಇವಳ ಕಿವಿ ಬರಿದಾಗಿದೆಯಲ್ಲ ಎಂದು ಗುರುಸಿದ್ದವ್ವನಿಗೆ ಕನಿಕರವೇ ಆಯಿತು.

ನೀಲಾಬಾಯಿ ಮಾತ್ರ ನಗಲಿಲ್ಲ. "ಮತ್ತ್ಯಾರಿಗರೆ ಹಂಗ ಕೇಳಸತೈತೇನು?" ಎಂದರು. ಹಸೀನಾ ಕೈ ಎತ್ತಿ, "ನಂದು ಜೀರುಂಡಿ ಕೂಗಿದಂಗ ಐತ್ರಿ" ಎಂದಳು. ಮೂಲೆಯಿಂದ ಇನ್ನೊಂದು ಕೈ ಎದ್ದಿತು.

"ಮನ್ಯಾಗ ಹೇಳೀರೇನು?"

ಮೂವರೂ ಇಲ್ಲವೆಂದು ತಲೆಯಾಡಿಸಿದರು. "ಯಾರೂ ಕೇಳೇ ಇಲ್ಲಲ್ರಿ," ಎಂದಳು ಗುರುಸಿದ್ದವ್ವ.

ಶಾಲೆ ಬಿಟ್ಟೊಡನೆ ನೀಲಾಬಾಯಿ ಗಿರಣಿಗೆ ಹೋದರು. ಗುರುಸಿದ್ದವ್ವ ಅಪ್ಪನಿಗೆ ಬುತ್ತಿ ತಂದು, ದಿನದಂತೆ ಇಂಜಿನ್ನಿನ ಮಗ್ಗುಲಲ್ಲೇ ಚೀಲದ ಮೇಲೆ ಕೂತಿದ್ದಳು.

"ನಿಮ್ಮ ಮಗಳ ಕಿವ್ಯಾಗ ಸಪ್ಪಳ ಆಗತೈತಂತ್ರಿ!" ಎಂದು ನೀಲಾಬಾಯಿ ಕೂಗಿದರು.

"ಹೌದ್ರಿ, ಇಂಜಿನ್ ದೊಡ್ಡದೈತಿ!" ಎಂದು ಶಂಕರೆಪ್ಪನೂ ಕೂಗಿದ.

ಮೂರು ಸಲ ಕೂಗಿದ ಮೇಲೆ ಅವನು ಇಂಜಿನ್ ನಿಲ್ಲಿಸಿದ. ವಿಷಯ ತಿಳಿದು ಮಗಳತ್ತ ನೋಡಿದ. "ಇಷ್ಟ ದಿನಾ ಯಾಕ ಹೇಳಲಿಲ್ಲ ಬೇ?"

"ನಿನಗೂ ಇರತೈತಿ ಅನಕೊಂಡಿದ್ನಿ ಯಪ್ಪಾ."

ಶಂಕರೆಪ್ಪ ಕಿವಿ ತುರಿಸಿಕೊಂಡ. "ಐತಿ," ಎಂದ ನಾಚಿದವನಂತೆ. "ನಾನೂ ಯಾರಿಗೂ ಹೇಳಿಲ್ಲ."

ಸೋಮವಾರ ಪೆಟ್ರೋಲಿನ ಬದಲು ಇದ್ದಿಲಿನ ಅನಿಲದಿಂದ ಓಡುವ ಬಸ್ಸು ಹತ್ತಿ ಇಬ್ಬರೂ ವಿಜಾಪುರಕ್ಕೆ ಹೋದರು. ಹಣೆಗೆ ಕನ್ನಡಿ ಕಟ್ಟಿಕೊಂಡ ಡಾಕ್ಟರರು ಅಪ್ಪ ಮಗಳ ನಾಲ್ಕೂ ಕಿವಿ ನೋಡಿದರು. ಗುರುಸಿದ್ದವ್ವನ ಬಲಗಿವಿಗೆ ಬೆಚ್ಚನೆ ನೀರು ಬಿಟ್ಟಾಗ ಕಡಲೆಕಾಳಿನಷ್ಟು ಗುಗ್ಗೆ ಹೊರಬಿತ್ತು.

"ಯಪ್ಪಾ, ಹೊರಗ ಟಾಂಗಾದ ಗಂಟಿ ಕೇಳಾಕತ್ತೈತಿ!" ಎಂದು ಹುಡುಗಿ ಕುಣಿದಳು.

ಬಲಗಿವಿಯ ಕುಂಯ್ ಅರ್ಧಕ್ಕರ್ಧ ಇಳಿದಿತ್ತು. ಎಡಗಿವಿಯದು ಉಳಿದರೂ ಉಳಿಯಬಹುದು, ಹೆದರಬೇಕಾಗಿಲ್ಲ ಎಂದರು ಡಾಕ್ಟರರು. ಹುಡುಗಿ ಇಂಜಿನ್ನಿನ ಹತ್ತಿರ ಕೂರಬಾರದು, ಶಾಲೆಯಲ್ಲಿ ಮುಂದಿನ ಸಾಲು ಬಿಡಬಾರದು. ಅಪ್ಪ ಕೆಲಸದ ಹೊತ್ತಿಗೆ ಕಿವಿಗೆ ಅರಳೆ ಇಟ್ಟುಕೊಳ್ಳಬೇಕು.

ಅಂದಿನಿಂದ ಪ್ರತಿ ಶನಿವಾರ ನೀಲಾಬಾಯಿ ಕೇಳತೊಡಗಿದರು: "ಮನ್ಯಾಗ ಯಾರಿಗೂ ಹೇಳದ್ದು ಏನರೆ ಐತೇನು?" ತನಗೆ ಹಲಗೆಯ ಮೇಲಿನ ಅಕ್ಷರ ಇವತ್ತಿಗೂ ಕಂಡಿಲ್ಲ ಎಂದು ಪರಸವ್ವ ಬಾಯಿಬಿಟ್ಟಳು. ಇನ್ನೊಬ್ಬಳು ಅಣ್ಣ ಬೆಲ್ಲ ಕದ್ದ ಸುದ್ದಿ ಹೇಳಿದಳು. ಅದಕ್ಕೆ ಡಾಕ್ಟರರು ಬೇಕಾಗಿಲ್ಲ ಎಂದು ಅಕ್ಕೋರು ನಕ್ಕುಬಿಟ್ಟರು.

ಗುರುಸಿದ್ದವ್ವ ಹೋಗಿಬಂದ ಮರುವಾರ ಹಸೀನಾಳನ್ನು ಅವಳ ತಾಯಿ ಹುಸೇನಬಿ ವಿಜಾಪುರಕ್ಕೆ ಕರೆದುಕೊಂಡು ಹೊರಟಳು. ಹಸೀನಾಳ ಮುಖ ಸಪ್ಪಗಾಗಿತ್ತು. ಬಸ್ಸಿನವರೆಗೆ ಕಳಿಸಲು ಬಂದ ಗುರುಸಿದ್ದವ್ವ ಕಿಟಕಿಯ ಕೆಳಗೆ ತುದಿಗಾಲಲ್ಲಿ ನಿಂತು ಹೇಳಿದಳು:

"ಅಂಜಬ್ಯಾಡ. ನೀರ ಬಿಟ್ಟಾಗ ಕಚಗುಳಿ ಆಗತೈತಿ, ಅಷ್ಟ. ನಗಬಾರದು, ಡಾಕ್ಟರ ಬೈತಾನ."

ಹಸೀನಾ ಅಲ್ಲೇ ನಗಲು ಶುರುಮಾಡಿದಳು.