ಕಲಿಸಿಕೊಟ್ಟ ಉತ್ತರ

"ಲೇ ಸಾಕೀ, ನಿನ್ ಪಿಶಾಚೀನ ಎಳ್ಕಳಮ್ಮೀ ಆಚ್ಗೆ! ಕಣ್ಣೇನು ಇಂಗೋಗವಾ ನಿಂಗೆ? ನೆಟ್ಟಿದ್ನೆಲ್ಲ ಕೀಳ್ತಾ ಅವ್ಳೆ, ಬೋಳಿಮುಂಡೆ!"

ಬದುವಿನ ಮೇಲೆ ನಿಂತು ಗದ್ದೆಯ ಯಜಮಾನ ಚಿಕ್ಕಬಸಪ್ಪ ಕೂಗುತ್ತಿದ್ದ. ಸೊಂಟ ಬಗ್ಗಿಸಿ ನಾಟಿ ಹಾಕುತ್ತಿದ್ದ ಹೆಂಗಸರೆಲ್ಲ ಒಟ್ಟಿಗೆ ತಲೆಯೆತ್ತಿದರು. ಸಾಕಮ್ಮನ ಒಂಬತ್ತು ವರ್ಷದ ಮಗಳು ಇಂದ್ರಾಣಿ ಕೆಸರಿನಲ್ಲಿ ಕೂತು, ಆಗಷ್ಟೇ ನೆಟ್ಟಿದ್ದ ಪೈರನ್ನು ಒಂದೊಂದಾಗಿ ಕಿತ್ತು ಬದುವಿನ ಮೇಲೆ ಜೋಡಿಸುತ್ತಿದ್ದಳು. ಚಿಕ್ಕಬಸಪ್ಪ ಹಗ್ಗ ಹಿಡಿಸಿ ನೆಡಿಸಿದ ಸಾಲೂ ಅಷ್ಟು ನೆಟ್ಟಗಿರಲಿಲ್ಲ. ಆದರೆ ಅದನ್ನು ಮೆಚ್ಚಿಕೊಳ್ಳುವ ಹೊತ್ತು ಅದಾಗಿರಲಿಲ್ಲ.

ಸಾಕಮ್ಮ ಓಡಿಬಂದು ಮಗಳ ಕೈ ಹಿಡಿದಳು. ಹಿಡಿದದ್ದೇ ತಪ್ಪಾಯಿತು. ಇಂದ್ರಾಣಿ ಕಿರುಚಿದಳು. ಆ ಕಿರುಚಾಟ ಶುರುವಾದರೆ ಗಂಟಲು ಸೋಲುವ ತನಕ ನಿಲ್ಲುವುದಿಲ್ಲ ಎಂದು ಕಾಲೋನಿಗೆಲ್ಲ ಗೊತ್ತು. ಅವಳು ತನ್ನ ಮುಂಗೈಯನ್ನೇ ಕಚ್ಚಿಕೊಂಡು ಕೆಸರಲ್ಲಿ ಹೊರಳಿದಳು.

"ನೋಡಮ್ಮೀ, ನಂಗೆ ಬೇಕಾಗಿರದು ನಿನ್ ಕೈ. ಈ ಗಾಳಿ ಮೆಟ್ಟಿದ್ ಕೂಸಲ್ಲ. ನಾಳೆಯಿಂದ ಇದ್ನ ಕಟ್ಕೊಂಡು ಬಂದ್ರೆ ನೀನೂ ಬರ್ಬ್ಯಾಡ. ಮಕ್ಳ ಎತ್ತು ಬಿಸಾಕದೊಂದು ಗೊತ್ತು ನಿಮ್ ಜನಕ್ಕೆ, ಥೂ!"

"ಆಯ್ತು ಬುದ್ಧಿ," ಅಂದಳು ಸಾಕಮ್ಮ. ಅಂದದ್ದಕ್ಕೆ ಮನೆ ಮುಟ್ಟುವವರೆಗೂ ತನ್ನನ್ನು ತಾನೇ ಬೈದುಕೊಂಡಳು.

ಮಗಳನ್ನು ಎಲ್ಲಿ ಬಿಡಬೇಕು? ಗಂಡ ಮಂಟೇಸ್ವಾಮಿ ಕೊಡಗಿನ ಕಾಫಿ ತೋಟಕ್ಕೆ ಹೋದವನು, ವರ್ಷಕ್ಕೆರಡು ಸಲ ಮುಖ ತೋರಿಸಿದರೆ ಅದೇ ಹೆಚ್ಚು. ಸ್ಕೂಲಿನ ಬಾಗಿಲನ್ನು ಎರಡು ವರ್ಷದ ಹಿಂದೆಯೇ ತಟ್ಟಿ ಆಗಿತ್ತು. ಹೆಡ್‌ಮಾಸ್ಟರು ಮೂರು ಸಲ ಹೆಸರು ಕೇಳಿದ್ದರು. ಇಂದ್ರಾಣಿ ತಿರುಗುವ ಫ್ಯಾನು ನೋಡುತ್ತಾ ನಿಂತಿದ್ದಳು. "ಹೆಸರು ಹೇಳಕ್ಕೆ ಬರದ ಪ್ರಾಣೀನ ಕೊಟ್ಟಿಗೆಗೆ ಸೇರಿಸಮ್ಮ, ಇಲ್ಲಿಗಲ್ಲ," ಎಂದು ಎಲ್ಲ ಮಕ್ಕಳೆದುರು ಹೇಳಿ ಕಳಿಸಿದ್ದರು. ಮಕ್ಕಳು ನಕ್ಕಿದ್ದವು. ಆ ನಗು ಸಾಕಮ್ಮನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು.

ಟಿ. ನರಸೀಪುರದಲ್ಲಿ ಇಂಥ ಮಕ್ಕಳಿಗೆಂದೇ ಒಂದು ಸ್ಕೂಲು ತೆರೆದಿದೆ ಎಂದು ಯಾರೋ ಹೇಳಿದಾಗ ಅವಳು ನಂಬಲಿಲ್ಲ. ಗದ್ದೆಯಿಂದ ಆಚೆ ಹಾಕಿಸಿಕೊಂಡ ಮೂರನೇ ದಿನ, ಬೇರೆ ದಾರಿ ಕಾಣದೆ ಬಸ್ಸು ಹತ್ತಿದಳು. ಹಳೇ ಅಕ್ಕಿ ಗಿರಣಿಯೊಂದಕ್ಕೆ ಸುಣ್ಣ ಹೊಡೆದು ಸ್ಕೂಲು ಮಾಡಿದ್ದರು. ರಮ್ಯ ಎಂಬ ಟೀಚರು ಇಂದ್ರಾಣಿಯ ಹೆಸರು ಕೇಳಲಿಲ್ಲ, ಮುಟ್ಟಲಿಲ್ಲ. ಅಂಗಳದ ಕಲ್ಲು ಸಾಲಾಗಿ ಇಡುತ್ತಿದ್ದ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು ತಾನೂ ಹಾಗೇ ಜೋಡಿಸಿದಳು. ಒಂದು ಗಂಟೆ ಕಳೆದ ಮೇಲೆ ಇಂದ್ರಾಣಿ ತನ್ನ ಕಲ್ಲೊಂದನ್ನು ಎತ್ತಿ ಟೀಚರ ಅಂಗೈಗೆ ಇಟ್ಟಳು. ಹೆತ್ತ ತಾಯಿಗೂ ಅವಳು ಏನನ್ನೂ ಹಾಗೆ ಕೊಟ್ಟಿರಲಿಲ್ಲ.

"ಅಕ್ಕಾ, ಇದು ಹುಚ್ಚಲ್ಲ, ಗಾಳಿಯೂ ಅಲ್ಲ," ಅಂದಳು ರಮ್ಯ. "ಆಟಿಸಂ ಅಂತಾರೆ. ನಿಮ್ಮ ತಪ್ಪಿನಿಂದ ಬಂದದ್ದಲ್ಲ."

ಒಂಬತ್ತು ವರ್ಷದಲ್ಲಿ ಆ ಮಾತು ಹೇಳಿದವರು ಅವಳೊಬ್ಬಳೇ. ಸಾಕಮ್ಮ ಗೋಡೆಗೆ ಮುಖ ಮಾಡಿ ಅತ್ತಳು. ಸೀಟು ಒಂದೇ ಒಂದು ಉಳಿದಿತ್ತು. ವ್ಯಾನು ಅವಳ ಊರು ತಗಡೂರಿನವರೆಗೂ ಬರುತ್ತಿತ್ತು, ಬೆಳಿಗ್ಗೆ ಹತ್ತಿಸಿದರೆ ಸಂಜೆ ಇಳಿಸುತ್ತಿತ್ತು. ಆದರೆ ಅಂಗವೈಕಲ್ಯದ ಸರ್ಕಾರಿ ಸರ್ಟಿಫಿಕೇಟು ಇಲ್ಲದೆ ಸೇರಿಸಿಕೊಳ್ಳುವಂತಿರಲಿಲ್ಲ. ಇನ್ನು ಹದಿನೈದು ದಿನಕ್ಕೆ ನಂಜನಗೂಡಿನಲ್ಲಿ ಕ್ಯಾಂಪು, ಮೈಸೂರಿನಿಂದ ಡಾಕ್ಟರು ಬರುತ್ತಾರೆ, ಅಲ್ಲಿ ಮಾಡಿಸಿಕೊಂಡು ಬನ್ನಿ ಎಂದಳು ರಮ್ಯ. ತಡವಾದರೆ ಸೀಟು ಇನ್ನೊಬ್ಬರ ಪಾಲು.

ಸಾಕಮ್ಮನಿಗೆ ಅವತ್ತಿನಿಂದ ಒಂದೇ ಹೆದರಿಕೆ. ಹೆಡ್‌ಮಾಸ್ಟರೇ ಹೆಸರು ಹೇಳದ್ದಕ್ಕೆ ಆಚೆಗೆ ಅಟ್ಟಿದರು, ಇನ್ನು ಮೈಸೂರಿನ ಡಾಕ್ಟರು ಬಿಟ್ಟಾರೆಯೇ? ಆಫೀಸಿನವರು ಕೇಳುವುದೇನು ಎಂಬುದು ಅವಳಿಗೆ ರೇಷನ್ ಕಾರ್ಡಿನ ಸಾಲಿನಿಂದ ಹಿಡಿದು ಎಲ್ಲ ಸಾಲಿನಲ್ಲೂ ನಿಂತು ಗೊತ್ತಿತ್ತು. ಹೆಸರು, ಹೆತ್ತವರ ಹೆಸರು, ಊರು. ಕಡ್ಲೆಪುರಿ ಮಡಿಲಲ್ಲಿಟ್ಟುಕೊಂಡು ಪಾಠಕ್ಕೆ ಕೂತಳು.

"ಎಸ್ರೇನು?"

"ಇಂದ್ರಾಣಿ."

"ಅವ್ವನ ಎಸ್ರೇನು?"

"ಸಾಕಮ್ಮ."

"ಯಾವೂರು?"

"ತಗಡೂರು."

ಹದಿನೈದು ದಿನ, ಮೂರು ಹೊತ್ತು. ಕೇಳುವ ಸರದಿ ಮಾತ್ರ ತಪ್ಪಬಾರದಿತ್ತು. ಒಂದು ದಿನ "ಏನ್ ಉಂಡೆ ಮಗಾ?" ಎಂದು ಮೊದಲು ಕೇಳಿದ್ದಕ್ಕೆ "ಇಂದ್ರಾಣಿ" ಎಂದು ಉತ್ತರ ಬಂತು. ಸಾಕಮ್ಮ ನಕ್ಕು ಒಂದು ಹಿಡಿ ಪುರಿ ಕೊಟ್ಟಳು. ಕ್ಯಾಂಪಿನ ದಿನ ಮಗಳಿಗೆ ಎಣ್ಣೆ ಹಚ್ಚಿ, ಎರಡು ಜಡೆ ಹಾಕಿ, ಒಗೆದ ಫ್ರಾಕು ತೊಡಿಸಿ ಕರೆದುಕೊಂಡು ಹೋದಳು. ದೊಡ್ಡವರ ಮುಂದೆ ನಿಲ್ಲಬೇಕಾದರೆ ನಮ್ಮವರು ಹಾಗೇ ಹೋಗುವುದು.

ಕ್ಯಾಂಪು ನಡೆಯುತ್ತಿದ್ದದ್ದು ಒಂದು ಕಲ್ಯಾಣ ಮಂಟಪದಲ್ಲಿ. ಹಿಂದಿನ ದಿನದ ಮದುವೆಯ ಬಾಳೆಕಂದು ಇನ್ನೂ ಬಾಗಿಲಲ್ಲಿ ಬಾಡುತ್ತಿತ್ತು. ಕುರ್ಚಿಗಳು ಸಾಲದೆ ಡಾಕ್ಟರು ವೇದಿಕೆಯ ಮೇಲೆ, ಕೆಂಪು ಮಖಮಲ್ಲಿನ ಮದುಮಗನ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದ ಮದುಮಗಳ ಕುರ್ಚಿ ಖಾಲಿ ಇತ್ತು. ಕೆಳಗೆ ಕುಂಟುವವರು, ಕಣ್ಣಿಲ್ಲದವರು, ಮಕ್ಕಳನ್ನು ಹೊತ್ತವರು ಬೆಳಗಿನಿಂದ ನಿಂತಿದ್ದರು.

"ಏಯ್, ಆ ಕಡೆ ಸರ್ಕೋ. ಮೈಮೇಲೇ ಬತ್ತೀಯಲ್ಲ," ಅಂದ ಅರ್ಜಿ ತೆಗೆದುಕೊಳ್ಳುತ್ತಿದ್ದ ಗುಮಾಸ್ತ ನಂಜುಂಡೇಶ್. ಅರ್ಜಿಯ ಮೇಲಿನ ಜಾತಿ ಓದಿಕೊಂಡ. "ಕಾಲೋನಿಯೋರಾ? ಸರಿ ಬುಡು. ಮಾಸಾಶನ ಅಂದ್ರೆ ಚೆನ್ನಾಗಿರೋ ಮಕ್ಳನ್ನೂ ಕುಂಟಾಕುಸ್ಕೊಂಡ್ ಬತ್ತೀರಿ."

ಸಾಕಮ್ಮ ಮಗಳೊಂದಿಗೆ ಸಾಲು ಸೇರಿದಳು. ಎರಡು ಗಂಟೆಯ ಮೇಲೆ ಸರದಿ ಬಂತು. ಮಗಳನ್ನು ಮುಂದೆ ಬಿಟ್ಟುಕೊಂಡು ವೇದಿಕೆ ಹತ್ತಿದಳು. ಡಾಕ್ಟರು ಕನ್ನಡಕ ಸರಿಪಡಿಸಿಕೊಂಡು, ತಲೆಯೆತ್ತದೆ ಕೇಳಿದರು.

"ಏನಮ್ಮ ನಿನ್ನ ಹೆಸರು?"

"ಇಂದ್ರಾಣಿ."

"ತಾಯಿ ಹೆಸರು?"

"ಸಾಕಮ್ಮ."

"ಯಾವ ಊರು?"

"ತಗಡೂರು."

ಸಾಕಮ್ಮನ ಎದೆ ಉಬ್ಬಿತು. ಆ ಹೆಡ್‌ಮಾಸ್ಟರು ಇಲ್ಲಿರಬೇಕಿತ್ತು ಅನ್ನಿಸಿತು. ಡಾಕ್ಟರು ಅರ್ಜಿಯ ಮೇಲೆ ಅಡ್ಡಗೀಟು ಹಾಕಿ, ಪಕ್ಕಕ್ಕೆ ಬಂದು ನಿಂತಿದ್ದ ನಂಜುಂಡೇಶನ ಕಡೆ ತಳ್ಳಿದರು.

"ನಡೀತಾಳೆ, ಮಾತಾಡ್ತಾಳೆ, ಊರು ಗೊತ್ತು. ಏನೂ ತೊಂದರೆ ಇಲ್ಲ. ಮುಂದಿನವರು."

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದಾಗ ಮುಂದಕ್ಕೆ ನುಗ್ಗಿದಳು.

"ಸಾ, ಅದು ನಾ ಕಲ್ಸಿದ್ದು ಸಾ! ಅಷ್ಟೇಯ ಅದ್ಕೆ ಬರದು. ಅದೇನೋ ಆಟಿಸಂ ಅಂತೆ ಸಾ, ನರಸೀಪುರದ್ ಟೀಚರಮ್ಮ ಯೋಳುದ್ರು."

"ನಮ್ಮ ಹತ್ತಿರ ಇರೋದು ಹಳೇ ಫಾರಂ, ಇದರಲ್ಲಿ ಅದಕ್ಕೆ ಕಾಲಂ ಇಲ್ಲಮ್ಮ. ಕಣ್ಣು, ಕಿವಿ, ಕೈಕಾಲು, ಬುದ್ಧಿಮಾಂದ್ಯ. ಅಷ್ಟೇ."

"ಕಲ್ಸುದ್ರೆ ಕಲೀತಾಳೆ ಅಂದ್ಮೇಲೆ ಬುದ್ಧಿ ಅದೆ ಅಂತ್ಲೇ ಲೆಕ್ಕ," ಅಂದ ನಂಜುಂಡೇಶ್. "ಇಳಿ ಕೆಳಕ್ಕೆ."

"ಇನ್ನೊಂದೇ ಒಂದು ಕೇಳಿ ಸಾ. ಕಾಲಿಗೆ ಬೀಳ್ತೀನಿ. ಏನ್ ಬೇಕಾದ್ರೂ ಕೇಳಿ, ಏನ್ ಉಂಡೆ ಅಂತ ಕೇಳಿ."

"ಮಗಳಿಗೆ ಏನೂ ಆಗಿಲ್ಲ ಅಂದರೆ ತಾಯಿ ಸಂತೋಷ ಪಡಬೇಕು. ಆರು ತಿಂಗಳಿಗೆ ಮತ್ತೆ ಕ್ಯಾಂಪು ಇದೆ, ಹೋಗು."

"ಅಂಗಾರೆ ಏನೂ ಆಗಿಲ್ಲ ಅಂತ್ಲಾದ್ರೂ ಬರ್ಕೊಡಿ. ನಮ್ಮೂರ್ ಇಸ್ಕೂಲ್‌ಗೆ ತೋರುಸ್ತೀನಿ. ಸೇರುಸ್ಕಳ್ಲಿ."

"ಅದಕ್ಕೆಲ್ಲ ಫಾರಂ ಇಲ್ಲ," ಅಂದರು ಡಾಕ್ಟರು.

ಹುಚ್ಚಿ ಅಂತಲೂ ಬರೆಯುವುದಿಲ್ಲ, ನೆಟ್ಟಗಿದ್ದಾಳೆ ಅಂತಲೂ ಬರೆಯುವುದಿಲ್ಲ. ಸಾಕಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಮಗಳನ್ನು ಮುಟ್ಟದೆ, ಮಖಮಲ್ಲು ತೋರಿಸಿ, ಮದುಮಗಳ ಕುರ್ಚಿಯ ಮೇಲೆ ಕೂರಿಸಿದಳು. ಇಂದ್ರಾಣಿ ಕುರ್ಚಿಯ ಕೈಮೇಲಿನ ಹಿತ್ತಾಳೆ ಮೊಳೆಗಳನ್ನು ಒಂದೊಂದಾಗಿ ಒತ್ತತೊಡಗಿದಳು.

"ನನ್ ಮಗ್ಳು ಚೆನ್ನಾಗವ್ಳೆ ಅಂದ್ರಲ್ಲ. ಸಂಜೆಗಂಟ ನೀವೇ ಮಡಿಕ್ಕಳಿ. ನಾನು ನಾಟಿಗೋಗ್ಬೇಕು."

ಹಿಂದೆ ನಂಜುಂಡೇಶ್ ಕೂಗಿದ. ಅವಳು ತಿರುಗಲಿಲ್ಲ. ಸಾಲಿನ ಜನ ದಾರಿ ಬಿಟ್ಟರು. ಗೇಟಿನ ಹತ್ತಿರ ಬಂದು ನೆಲದ ಮೇಲೆ ಕೂತಳು.

ಒಳಗೆ ಸದ್ದಿಲ್ಲ. ಮಗಳು ಸುಮ್ಮನೆ ಕೂತುಬಿಟ್ಟರೆ? ಮೊಳೆ ಎಣಿಸುತ್ತಾ ಸಂಜೆಯವರೆಗೂ ಕಳೆದುಬಿಟ್ಟರೆ? ಸದ್ದಾಗಲಿ ಎಂದು ಕಾಯುತ್ತಿರುವ ತನ್ನ ಮೇಲೇ ಅವಳಿಗೆ ಹೇಸಿಗೆಯಾಯಿತು. ಆಗಲೇ ಯಾರೋ ಇಂದ್ರಾಣಿಯ ರಟ್ಟೆ ಹಿಡಿದು ಕುರ್ಚಿಯಿಂದ ಎಳೆದರೆಂದು ಕಾಣುತ್ತದೆ. ಆ ಕಿರುಚಾಟ ಎದ್ದಿತು.

ಸಾಕಮ್ಮ ಎದ್ದುನಿಂತಳು. ಗೇಟಿನ ಸರಳು ಹಿಡಿದು ಮತ್ತೆ ಕೂತಳು. ಸಾಲಿನಲ್ಲಿದ್ದ ಮಹದೇವಮ್ಮ ಎಂಬ ಮುದುಕಿ, ಕಾಲಿಲ್ಲದ ಮೊಮ್ಮಗನನ್ನು ಬೆನ್ನ ಮೇಲೆ ಹೊತ್ತುಕೊಂಡೇ ಓಡಿಬಂದಳು.

"ಓಗವ್ವಾ, ಕೈ ಕಚ್ಕತಾ ಅದೆ ಕೂಸು!"

"ಗೊತ್ತು ಕಣಕ್ಕಾ. ಒಂಬತ್ತು ವರ್ಷದಿಂದ ನೋಡ್ತಾ ಇವ್ನಿ. ಅವ್ರೂ ಒಂದ್ ಗಳ್ಗೆ ನೋಡ್ಲಿ."

ಮಹದೇವಮ್ಮ ಮೊಮ್ಮಗನನ್ನು ಇಳಿಸಿ ಪಕ್ಕದಲ್ಲೇ ಕೂತಳು. ನಂಜುಂಡೇಶ್ ಅಂಗೈ ಒತ್ತಿಕೊಂಡು ಹೊರಗೆ ಬಂದ. ಕೈಯಲ್ಲಿ ರಕ್ತವಿತ್ತು.

"ಬಾರೇ ರಂಡೇ ಒಳಕ್ಕೆ! ಪೊಲೀಸ್ ಕರೀತೀನಿ!"

"ಕರಿ. ಅವ್ರೂ ನೋಡ್ಲಿ."

ಅವನ ಹಿಂದೆಯೇ ಡಾಕ್ಟರು ಬಂದರು. ಕನ್ನಡಕ ಮುಖದ ಮೇಲಿರಲಿಲ್ಲ. "ಬಾಮ್ಮ, ಮೊದಲು ಮಗೂನ ಸಮಾಧಾನ ಮಾಡು. ಆಮೇಲೆ ನೋಡೋಣ."

"ಆಮ್ಯಾಕೆ ಬ್ಯಾಡ. ಬರ್ದು, ಸೀಲೊತ್ತಿ, ಕಾಗ್ದ ತಕ್ಕಬನ್ನಿ. ಬತ್ತೀನಿ."

"ಕಾಲಂ ಇಲ್ಲ ಅಂತ ಹೇಳಿದೆನಲ್ಲ!"

"ಪೆನ್ನು ಅದೆಯಲ್ಲ ನಿಮ್ತಾವ. ಒಂದು ಗೆರೆ ಎಳೀರಿ. ಕಾಲಂ ಆಯ್ತದೆ."

ಡಾಕ್ಟರು ಒಮ್ಮೆ ಒಳಗೆ, ಒಮ್ಮೆ ಅವಳ ಕಡೆ ನೋಡಿದರು. ಒಳಗೆ ಇಂದ್ರಾಣಿಯ ದನಿ ಒಡೆದು ಗೊಗ್ಗರಾಗತೊಡಗಿತ್ತು. ಸಾಕಮ್ಮನ ಕಣ್ಣಿಂದ ನೀರು ಇಳಿದು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಕೈಬಿಟ್ಟರೆ ಎಲ್ಲಿ ಒಳಗೆ ಓಡಿಬಿಡುತ್ತೇನೋ ಎಂದು ಅವಳು ಎರಡೂ ಕೈಯಿಂದ ಗೇಟಿನ ಸರಳು ಹಿಡಿದುಕೊಂಡು, ಡಾಕ್ಟರ ಜೇಬಿನಲ್ಲಿದ್ದ ಪೆನ್ನನ್ನೇ ನೋಡುತ್ತಾ ಕೂತಿದ್ದಳು.