ತೊಕಿವಾ ಅವರ ಎಡಗಾಲಿನ ಬೂಟು

ರಾತ್ರಿ ಒಂಬತ್ತಕ್ಕೆ ನನ್ನ ಕೋಣೆಯ ಬಾಗಿಲನ್ನು ಯಾರೋ ದಬದಬನೆ ಬಡಿದರು. ತೆರೆದರೆ ತೊಕಿವಾ-ಸಾನ್, ನಾವೆಲ್ಲ ಗೌರವದಿಂದ ಹಾಗೆ ಕರೆಯುವ, ನಮ್ಮ ಫುಟ್‌ಬಾಲ್ ತಂಡದ ಹಿರಿಯ ರಕ್ಷಣಾ ಆಟಗಾರ್ತಿ.

"ನನ್ನ ಬೂಟು ಕಾಣ್ತಿಲ್ಲ, ನತ್ಸುಹೊ!"

ಮುರಿದು ಕೂಡಿದ ಅವರ ಎಡಪಾದಕ್ಕೆ ಹೊಂದುತ್ತಿದ್ದುದು ಅಟ್ಟೆ ಬಿರಿದ ಆ ಹಳೆಯ ಜೋಡಿಯೊಂದೇ. ಅದಿಲ್ಲದಿದ್ದರೆ ಅವರ ಕೊನೆಯ ಪಂದ್ಯವಾದ ನಾಳಿನ ಫೈನಲ್‌ಗೆ ಬದಲಿ ಆಟಗಾರ್ತಿ ಚಿತೋಸೆ ಇಳಿಯುತ್ತಾಳೆ. ಹದಿನಾರು ವರ್ಷಗಳ ಆಟ ಬೆಂಚಿನ ಮೇಲೆ ಮುಗಿಯುತ್ತದೆ.

ಹಾಸ್ಟೆಲಿನ ಹೊಸ್ತಿಲಲ್ಲಿ, ಬೂಟಿನ ಕಪಾಟಿನೆದುರು, ಶೌಚಾಲಯದೊಳಗೆ ಮಾತ್ರ ಮೆಟ್ಟುವ ಚಪ್ಪಲಿಗಳು ಬಿದ್ದಿದ್ದವು. ನಾನು ನಕ್ಕುಬಿಟ್ಟೆ.

"ಕಳ್ಳಿಗೆ ಎಷ್ಟು ಗಡಿಬಿಡಿ ನೋಡಿ! ಇದನ್ನ ಮೆಟ್ಕೊಂಡೇ ಇಲ್ಲೀವರೆಗೂ ಬಂದು, ಇಲ್ಲೇ ಬಿಟ್ಟು ಹೊರಗೆ ಹೋಗಿದ್ದಾಳೆ."

"ಹಾಗಿದ್ರೆ ಅವಳು ಬಿಚ್ಚಿಟ್ಟ ಸ್ವಂತ ಚಪ್ಪಲಿ ಶೌಚಾಲಯದ ಬಾಗಿಲಲ್ಲೇ ಇರುತ್ತೆ. ಅದರ ಮೇಲೆ ಹೆಸರಿರುತ್ತೆ!"

ಇಬ್ಬರೂ ಓಡಿದೆವು. ಮೊದಲು ತಲುಪಿದ ಅವರು ಹೆಸರು ಓದಿ, ಆ ಚಪ್ಪಲಿಗಳನ್ನು ಕಂಕುಳಲ್ಲಿ ಅಡಗಿಸಿದರು.

"ಯಾರು? ಹೇಳಿ!"

"ಈಗ ಹೇಳಿದ್ರೆ ತಂಡ ಒಡೆಯುತ್ತೆ. ಪಂದ್ಯ ಮುಗೀಲಿ."

ಬೆಳಿಗ್ಗೆ ಬೂಟು ಕಪಾಟಿನಲ್ಲೇ ಇತ್ತು! ಬಿರಿದ ಅಟ್ಟೆಗೆ ಹೊಸ ಹೊಲಿಗೆ ಬಿದ್ದಿತ್ತು.

ಎಂಬತ್ತೊಂಬತ್ತನೆಯ ನಿಮಿಷ, ನಾವು ಒಂದು ಗೋಲು ಮುಂದಿದ್ದೆವು. ಗೋಲ್‌ಕೀಪರ್ ಆದ ನನ್ನನ್ನು ದಾಟಿದ ಚೆಂಡು ಗೆರೆಯತ್ತ ಉರುಳುತ್ತಿದ್ದಾಗ ತೊಕಿವಾ-ಸಾನ್ ಜಾರಿ ಬಂದು ಎಡಗಾಲಿನಿಂದ ಅದನ್ನು ಹೊರಗೊದ್ದರು. ಹೊಲಿಗೆ ಬಿಚ್ಚಲಿಲ್ಲ. ಕೊನೆಯ ಸೀಟಿ ಮೊಳಗಿತು. ಕ್ರೀಡಾಂಗಣವೇ ಎದ್ದು ಕುಣಿಯಿತು.

ಅವರು ನಮ್ಮೆಲ್ಲರನ್ನೂ ದಾಟಿ ಮೈದಾನದ ಅಂಚಿಗೆ ಓಡಿ, ಚೀಲದಿಂದ ಆ ಚಪ್ಪಲಿಗಳನ್ನು ತೆಗೆದು, ಸೂಜಿ ಚುಚ್ಚಿದ ಬೆರಳುಗಳಲ್ಲಿ ಮುಖ ಮುಚ್ಚಿ ಬಿಕ್ಕುತ್ತಿದ್ದ ಹುಡುಗಿಯೊಬ್ಬಳ ಪಾದದ ಮುಂದೆ ಜೋಡಿಸಿಟ್ಟು ತಲೆಬಾಗಿದರು.

ಅವುಗಳ ಮೇಲಿದ್ದ ಹೆಸರು ಚಿತೋಸೆ.